ವಿಷಯ ಒಂದು ಕಡೆ, ಜರ್ನಲ್ ಒಂದು ಕಡೆ: ನಡುವಿನ ಗೋಜಲು ಬಿಡಿಸುವುದು ಹೇಗೆ?

ಪ್ರಶ್ನೆ: ನಾನು ನೀರಿನ ಶುದ್ಧೀಕರಣದ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ನಮ್ಮ ಕ್ಷೇತ್ರದಲ್ಲಿ ಯಾವ ವಿಷಯದ ಪೇಪರ್‌ಗಳು ಯಾವ ಜರ್ನಲ್‌ಗಳಲ್ಲಿ ಬರುತ್ತಿವೆ ಎಂದು ಒಂದೇ ಚಿತ್ರದಲ್ಲಿ ತೋರಿಸಲು ಗೈಡ್ ಹೇಳಿದ್ದಾರೆ. 1,800 ಪೇಪರ್‌ಗಳನ್ನು ಕಲೆಹಾಕಿದೆ. 42 ವಿಷಯ, 310 ಜರ್ನಲ್ ಸಿಕ್ಕಿದವು. ಚುಕ್ಕಿಗಳನ್ನು ಗೆರೆಗಳಿಂದ ಜೋಡಿಸಿ ನಂಟಿನ ಬಲೆ ಬಿಡಿಸುವ ಗೆಫಿ ಎಂಬ ಸಾಫ್ಟ್‌ವೇರ್‌ನಲ್ಲಿ ಹಾಕಿದರೆ ಬೆಕ್ಕು ಆಡಿಬಿಟ್ಟ ನೂಲಿನುಂಡೆಯ ಥರ ಬಂತು. ಯಾವ ಗೆರೆ ಎಲ್ಲಿಗೆ ಹೋಗುತ್ತದೆ ಅಂತಲೇ ಗೊತ್ತಾಗುವುದಿಲ್ಲ. ಬೇರೆ ಸಾಫ್ಟ್‌ವೇರ್ ಬಳಸಬೇಕಾ?

ಉತ್ತರ: ಬೇಡ. ಗೆಫಿ ತನಗೆ ಕೊಟ್ಟದ್ದನ್ನು ಪ್ರಾಮಾಣಿಕವಾಗಿಯೇ ಬಿಡಿಸಿದೆ. ನೀವು ಎಲ್ಲವನ್ನೂ ಕೊಟ್ಟಿರಿ, ಅದು ಎಲ್ಲವನ್ನೂ ತೋರಿಸಿತು.

ಇಂಥ ಉಂಡೆಯನ್ನು ನಾನೂ ಮಾಡಿದ್ದೇನೆ. ನನ್ನದು ನೋಡಲು ಇನ್ನೂ ಚೆಂದವಾಗಿತ್ತು. ದುಂಡನೆಯ ಚಿತ್ರ, ಅಂಚಿನ ಸುತ್ತ ಹೆಸರುಗಳು, ಒಳಗೆ ಬಣ್ಣಬಣ್ಣದ ಪಟ್ಟಿಗಳು. ಸಭೆಯಲ್ಲಿ ತೋರಿಸಿದಾಗ ಎಲ್ಲರೂ ತಲೆದೂಗಿದರು. ಹಿಂದಿನ ಸಾಲಿನಲ್ಲಿದ್ದ ಹಿರಿಯ ಲೈಬ್ರರಿಯನ್ ಒಬ್ಬರು ಮಾತ್ರ, "ಮಣ್ಣಿನ ಸವಕಳಿ ಬಗ್ಗೆ ಓದುವವರಿಗೆ ಯಾವ ಜರ್ನಲ್ ತರಿಸಲಿ? ಇದರಲ್ಲಿ ತೋರಿಸಿ ನೋಡೋಣ" ಎಂದರು. ನಾನೇ ಬಿಡಿಸಿದ ಚಿತ್ರದಲ್ಲಿ ನನಗೇ ಅದು ಸಿಗಲಿಲ್ಲ. ಕಡೆಗೆ ಮೂಲ ಪಟ್ಟಿ ತೆರೆದು ಓದಿ ಹೇಳಬೇಕಾಯಿತು. ಪಟ್ಟಿ ಓದಿಯೇ ಹೇಳುವುದಾದರೆ ಚಿತ್ರ ಯಾಕೆ ಬೇಕಿತ್ತು, ಅಲ್ವಾ?

ಉಂಡೆ ಯಾಕೆ ಆಗುತ್ತದೆ ಎನ್ನುವುದಕ್ಕೆ ಕಂಪ್ಯೂಟರ್‌ಗಿಂತ ಹಳೆಯ ಉತ್ತರ ಇದೆ. ಲಂಡನ್ನಿನ ಸೈನ್ಸ್ ಮ್ಯೂಸಿಯಂನ ಲೈಬ್ರರಿಯಲ್ಲಿದ್ದ ಸ್ಯಾಮ್ಯುಯೆಲ್ ಬ್ರಾಡ್‌ಫರ್ಡ್ 1934ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಅನ್ವಯಿಕ ಭೂಭೌತಶಾಸ್ತ್ರದ 1,332 ಲೇಖನಗಳು ಯಾವ ಜರ್ನಲ್‌ಗಳಲ್ಲಿ ಬಂದಿವೆ ಎಂದು ಎಣಿಸಿದ್ದರು. ಒಟ್ಟು 326 ಜರ್ನಲ್. ಅದರಲ್ಲಿ ಬರೀ 9 ಜರ್ನಲ್‌ಗಳಲ್ಲೇ 429 ಲೇಖನಗಳು. ಮುಂದಿನ 59 ಜರ್ನಲ್‌ಗಳಲ್ಲಿ 499. ಉಳಿದ 404 ಲೇಖನಗಳು ಚೆಲ್ಲಾಪಿಲ್ಲಿಯಾಗಿ 258 ಜರ್ನಲ್‌ಗಳಲ್ಲಿದ್ದವು. ಅಂದರೆ ಹೆಚ್ಚುಕಡಿಮೆ ಒಂದೇ ಗಾತ್ರದ ಮೂರು ಪಾಲು ಮಾಡಿದರೆ, ಪ್ರತಿ ಪಾಲಿಗೆ ಬೇಕಾಗುವ ಜರ್ನಲ್‌ಗಳ ಸಂಖ್ಯೆ ಹಲವು ಪಟ್ಟು ಏರುತ್ತಾ ಹೋಗುತ್ತದೆ. ಇದಕ್ಕೆ ಬ್ರಾಡ್‌ಫರ್ಡ್ ನಿಯಮ ಎನ್ನುತ್ತಾರೆ.

ಈಗ ನಿಮ್ಮ 310 ಜರ್ನಲ್‌ಗಳನ್ನು ಪೇಪರ್ ಸಂಖ್ಯೆಯ ಪ್ರಕಾರ ಇಳಿಕೆ ಕ್ರಮದಲ್ಲಿ ಜೋಡಿಸಿ ನೋಡಿ. ಕೆಳಗಿನ ಅರ್ಧಕ್ಕಿಂತ ಜಾಸ್ತಿ ಜರ್ನಲ್‌ಗಳಲ್ಲಿ ಒಂದೋ ಎರಡೋ ಪೇಪರ್ ಇದ್ದರೆ ಆಶ್ಚರ್ಯಪಡಬೇಡಿ. ನಿಮ್ಮ ಚಿತ್ರವನ್ನು ಮುಚ್ಚಿಹಾಕಿದ್ದು ಇವುಗಳಿಂದ ಹೊರಟ ಕೂದಲೆಳೆಯಂಥ ಗೆರೆಗಳು. ಒಂದೊಂದು ಗೆರೆಯಲ್ಲೂ ಸುದ್ದಿ ಇಲ್ಲ, ಆದರೆ ಎಲ್ಲ ಸೇರಿ ಸುದ್ದಿ ಇರುವ ಗೆರೆಗಳನ್ನು ಮರೆಮಾಡುತ್ತವೆ. ಹಾಗಂತ ಕಿತ್ತೆಸೆಯುವುದೂ ತಪ್ಪು. ಬ್ರಾಡ್‌ಫರ್ಡ್ ಲೆಕ್ಕದಲ್ಲಿ ಕೊನೆಯ 258 ಜರ್ನಲ್‌ಗಳ ಆ ಬಾಲದಲ್ಲೇ ಶೇ. 30ರಷ್ಟು ಲೇಖನಗಳಿದ್ದವು. ಹಾಗಾಗಿ ಮೇಲಿನ 25–30 ಜರ್ನಲ್‌ಗಳನ್ನು ಹೆಸರಿಟ್ಟು ತೋರಿಸಿ. ಉಳಿದವನ್ನೆಲ್ಲ "ಇತರೆ 280 ಜರ್ನಲ್‌ಗಳು" ಎಂದು ಒಂದೇ ಕಟ್ಟು ಮಾಡಿ, ಅದನ್ನೂ ಚಿತ್ರದಲ್ಲಿ ಇಡಿ. ಒಂದು ವಿಷಯದ ಬಹುಪಾಲು ಈ "ಇತರೆ"ಗೇ ಹೋಗುತ್ತಿದ್ದರೆ ಅದು ದೊಡ್ಡ ಸುದ್ದಿ. ಆ ವಿಷಯಕ್ಕೆ ಇನ್ನೂ ಸ್ವಂತ ಮನೆ ಸಿಕ್ಕಿಲ್ಲ ಎಂದರ್ಥ.

ಇದಾದ ಮೇಲೆ ಗೈಡ್ ಹತ್ತಿರ ಹೋಗಿ ಒಂದು ಮಾತು ಕೇಳಿ: ಸರ್, ಈ ಚಿತ್ರ ಯಾತಕ್ಕೆ? ಸುಮ್ನೆ ಹೇಳುತ್ತಿಲ್ಲ. ಉತ್ತರ ಎರಡು ಥರ ಇರಬಹುದು. "ಈ ವಿಷಯದಲ್ಲಿ ಏನಾಗುತ್ತಿದೆ ಎಂದು ತಿಳಿಯಲು ಯಾವ ಜರ್ನಲ್ ಓದಬೇಕು?" ಎನ್ನುವುದು ಒಂದು. "ಈ ವಿಷಯದ ಮೇಲೆ ಬರೆದ ಪೇಪರನ್ನು ಯಾವ ಜರ್ನಲ್‌ಗೆ ಕಳಿಸಿದರೆ ಅವರದೇ ಮಾತು ಅನ್ನಿಸುತ್ತದೆ?" ಎನ್ನುವುದು ಇನ್ನೊಂದು. ಕೇಳಲು ಎರಡೂ ಒಂದೇ ಥರ ಇವೆ. ಲೆಕ್ಕ ಮಾತ್ರ ಬೇರೆ ಬೇರೆ, ಚಿತ್ರವೂ ಬೇರೆ ಬೇರೆ. ಮೊದಲನೆಯದು ವಿಷಯದ ಕಡೆಯಿಂದ ನೋಡುವುದು, ಎರಡನೆಯದು ಜರ್ನಲ್ ಕಡೆಯಿಂದ ನೋಡುವುದು. ಬರೀ ಪೇಪರ್ ಸಂಖ್ಯೆ ಹಾಕಿ ಗೆರೆ ದಪ್ಪ ಮಾಡಿದರೆ ಎರಡೂ ಕಲಸಿಹೋಗುತ್ತವೆ.

ಒಂದು ಕಲ್ಪಿತ ಲೆಕ್ಕ ತೆಗೆದುಕೊಳ್ಳೋಣ. ನಿಮ್ಮ 1,800 ಪೇಪರ್‌ಗಳಲ್ಲಿ 120 ಪೇಪರ್ ಫ್ಲೋರೈಡ್ ತೆಗೆಯುವುದರ ಬಗ್ಗೆ ಇವೆ ಎಂದಿಟ್ಟುಕೊಳ್ಳಿ. 'ಕ' ಎನ್ನುವುದು ದೊಡ್ಡ ಜರ್ನಲ್. ನಿಮ್ಮ ಸಂಗ್ರಹದಲ್ಲಿ ಅದರದೇ 300 ಪೇಪರ್ ಇವೆ, ಅದರಲ್ಲಿ 24 ಫ್ಲೋರೈಡ್ ಮೇಲೆ. 'ಗ' ಚಿಕ್ಕ ಜರ್ನಲ್. ಒಟ್ಟು 30 ಪೇಪರ್, ಅದರಲ್ಲಿ 18 ಫ್ಲೋರೈಡ್ ಮೇಲೆ. ವಿಷಯದ ಕಡೆಯಿಂದ ನೋಡಿದರೆ 120ರಲ್ಲಿ 'ಕ'ದ ಪಾಲು ಶೇ. 20, 'ಗ'ದ ಪಾಲು ಶೇ. 15. ಓದುವವರಿಗೆ 'ಕ' ಮುಖ್ಯ. ಜರ್ನಲ್ ಕಡೆಯಿಂದ ನೋಡಿದರೆ 'ಕ'ದಲ್ಲಿ ಫ್ಲೋರೈಡ್ ಬರೀ ಶೇ. 8, 'ಗ'ದಲ್ಲಿ ಶೇ. 60. ಕಳಿಸುವವರಿಗೆ 'ಗ' ಮುಖ್ಯ. ಬರೀ ಸಂಖ್ಯೆಯ ಮೇಲೆ ಬಿಡಿಸಿದ ಚಿತ್ರದಲ್ಲಿ 24 ಮತ್ತು 18 ಎನ್ನುವ ಎರಡು ಹೆಚ್ಚುಕಡಿಮೆ ಸಮ ದಪ್ಪದ ಗೆರೆಗಳು ಕಾಣುತ್ತವೆ, ಅಷ್ಟೇ.

ಎರಡೂ ಕಡೆಯನ್ನು ಒಟ್ಟಿಗೆ ತೂಗುವ ಒಂದು ಲೆಕ್ಕವೂ ಇದೆ. ಇಡೀ ಸಂಗ್ರಹದಲ್ಲಿ ಫ್ಲೋರೈಡ್ ಪಾಲು 1,800ಕ್ಕೆ 120, ಅಂದರೆ ಹದಿನೈದರಲ್ಲಿ ಒಂದು. ಯಾವ ಒಲವೂ ಇಲ್ಲದ ಜರ್ನಲ್ ಆಗಿದ್ದರೆ 'ಕ'ದ 300ರಲ್ಲಿ 20 ಪೇಪರ್ ಇರಬೇಕಿತ್ತು, ಇರುವುದು 24. ಅನುಪಾತ 1.2. 'ಗ'ದ 30ರಲ್ಲಿ 2 ಇರಬೇಕಿತ್ತು, ಇರುವುದು 18. ಅನುಪಾತ 9. ಒಂದಕ್ಕಿಂತ ಎಷ್ಟು ಜಾಸ್ತಿಯೋ ಅಷ್ಟು ಒಲವು. ಇದೇ ಲೆಕ್ಕವನ್ನು ಅರ್ಥಶಾಸ್ತ್ರಜ್ಞ ಬೇಲಾ ಬಲಾಸ್ಸಾ 1965ರಲ್ಲಿ ದೇಶಗಳ ರಫ್ತಿಗೆ ಬಳಸಿದ್ದರು. ಯಾವ ದೇಶ ಯಾವ ಸರಕಿನಲ್ಲಿ ಪಳಗಿದೆ ಎಂದು ನೋಡಲು. ನಮಗೆ ದೇಶದ ಬದಲು ಜರ್ನಲ್, ಸರಕಿನ ಬದಲು ವಿಷಯ.

ಈ ಅನುಪಾತದಲ್ಲಿ ಒಂದು ಗುಂಡಿ ಇದೆ, ಬೀಳಬೇಡಿ. ಒಂದೇ ಒಂದು ಪೇಪರ್ ಇರುವ ಜರ್ನಲ್, ಆ ಒಂದೂ ಫ್ಲೋರೈಡ್ ಮೇಲೆ ಎಂದುಕೊಳ್ಳಿ. ಅದರ ಅನುಪಾತ 15 ಬರುತ್ತದೆ! 'ಗ'ಗಿಂತ ಮೇಲೆ. ಒಂದು ಪೇಪರ್ ಇಟ್ಟುಕೊಂಡು ಒಲವಿನ ಮಾತಾಡುವುದು ಒಂದು ಹನಿ ಬಿದ್ದದ್ದಕ್ಕೆ ಮಳೆಗಾಲ ಬಂತು ಎಂದ ಹಾಗೆ. ನಾನು ಸಾಮಾನ್ಯವಾಗಿ ಸಂಗ್ರಹದಲ್ಲಿ 20 ಪೇಪರ್ ಇಲ್ಲದ ಜರ್ನಲ್‌ಗೆ ಅನುಪಾತ ಲೆಕ್ಕ ಹಾಕುವುದೇ ಇಲ್ಲ. 20 ಎನ್ನುವುದು ಶಾಸ್ತ್ರವಲ್ಲ, ನನ್ನ ರೂಢಿ. ನಿಮ್ಮ ಗಡಿ ಬೇರೆ ಇರಲಿ, ಆದರೆ ಅದು ಎಷ್ಟು ಎಂದು ಚಿತ್ರದ ಕೆಳಗೆ ಬರೆಯಿರಿ. ಜೊತೆಗೆ, ಒಂದು ಪೇಪರ್ ಮೂರು ವಿಷಯಕ್ಕೆ ಸೇರಿದರೆ ಮೂರು ಕಡೆಯೂ ಒಂದೊಂದು ಎಣಿಸಿದಿರಾ, ಅಥವಾ ಮೂರನೇ ಒಂದು ಪಾಲು ಹಂಚಿದಿರಾ? ಎರಡೂ ಸರಿ. ನಾನಾದರೆ ಹಂಚುತ್ತೇನೆ. ಇಲ್ಲದಿದ್ದರೆ ಹತ್ತು ಕೀವರ್ಡ್ ತುರುಕುವ ಲೇಖಕರ ಮಾತೇ ಜೋರಾಗಿ ಕೇಳಿಸುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ, ಆದರೆ ನನಗೆ ತುಂಬಾ ಕಾಡುವ ಒಂದು ವಿಚಾರವಿದೆ. ಆ 42 ವಿಷಯಗಳು ಎಲ್ಲಿಂದ ಬಂದವು? ಪೇಪರ್‌ಗಳ ದೊಡ್ಡ ಡೇಟಾಬೇಸ್‌ಗಳಾದ ವೆಬ್ ಆಫ್ ಸೈನ್ಸ್ ಅಥವಾ ಸ್ಕೋಪಸ್‌ನ ವಿಷಯ ವರ್ಗಗಳನ್ನು ಹಾಗೇ ಎತ್ತಿಕೊಂಡಿದ್ದರೆ ಇಲ್ಲಿಗೇ ನಿಲ್ಲಿಸಿ. ಅಲ್ಲಿನ ಆ ವರ್ಗಗಳನ್ನು ಮೂಲತಃ ಜರ್ನಲ್‌ಗೆ ಕೊಟ್ಟಿರುತ್ತಾರೆ. ಪೇಪರ್‌ಗೆ ಅದು ಜರ್ನಲ್‌ನಿಂದ ಬಳುವಳಿಯಾಗಿ ಬರುತ್ತದೆ. ಅದನ್ನಿಟ್ಟುಕೊಂಡು ವಿಷಯಕ್ಕೂ ಜರ್ನಲ್‌ಗೂ ಗೆರೆ ಎಳೆದರೆ ನೀವು ಕಂಡುಹಿಡಿಯುವುದು ಏನು? ಯಾರೋ ಮೊದಲೇ ಹಚ್ಚಿದ ಚೀಟಿಯನ್ನೇ. ಗೆರೆಗಳು ಬಹಳ ಅಚ್ಚುಕಟ್ಟಾಗಿ ಬರುತ್ತವೆ. ಚಿತ್ರ ಸ್ಪಷ್ಟವಾಗಿದೆ ಅಂತ ಖುಷಿಯೂ ಆಗುತ್ತದೆ. ಆದರೆ ಅದು ಕನ್ನಡಿ, ಕಿಟಕಿಯಲ್ಲ.

ಓಪನ್‌ಅಲೆಕ್ಸ್ ಬಳಸಿದ್ದರೆ ಪರವಾಗಿಲ್ಲ, ಆದರೂ ಎಚ್ಚರ ಬೇಕು. 2022ರ ಜನವರಿಯಲ್ಲಿ ಶುರುವಾದ ಈ ಡೇಟಾ ಎಲ್ಲರಿಗೂ ತೆರೆದಿದೆ, ವಿದ್ಯಾರ್ಥಿಗಳಿಗೆ ವರದಾನ. ಅದರಲ್ಲಿ ಸುಮಾರು 4,500 ವಿಷಯಗಳಿವೆ, ಮತ್ತು ವಿಷಯವನ್ನು ಪೇಪರ್ ಪೇಪರ್‌ಗೂ ಪ್ರತ್ಯೇಕವಾಗಿ ಕಂಪ್ಯೂಟರ್ ಊಹಿಸುತ್ತದೆ. ಶೀರ್ಷಿಕೆ, ಸಾರಾಂಶ, ಉಲ್ಲೇಖಗಳನ್ನು ನೋಡಿ ಊಹಿಸುತ್ತದೆ, ಅದರ ಜೊತೆ ಜರ್ನಲ್ ಹೆಸರನ್ನೂ ನೋಡುತ್ತದೆ. ಅಂದರೆ ಕನ್ನಡಿಯ ಅಂಶ ಇಲ್ಲೂ ಸ್ವಲ್ಪ ನುಸುಳಿದೆ. ವೈದ್ಯಕೀಯದವರಾಗಿದ್ದರೆ ಪಬ್‌ಮೆಡ್‌ನ ಮೆಶ್ ಪದಗಳು ಸಿಗುತ್ತಿದ್ದವು. ಅವು ಒಂದೊಂದು ಲೇಖನಕ್ಕೂ ಅದರ ಒಳಗಿನ ವಿಷಯ ನೋಡಿ ಕೊಟ್ಟವು. ನಿಮಗೆ ಲೇಖಕರ ಕೀವರ್ಡ್‌ಗಳೇ ಗತಿ. ಅವುಗಳಲ್ಲಿ ಕೊಳೆ ಜಾಸ್ತಿ, ಆದರೆ ಮೋಸ ಕಡಿಮೆ. "ಗ್ರೌಂಡ್ ವಾಟರ್" ಬಿಡಿಸಿ ಬರೆದದ್ದು, "ಗ್ರೌಂಡ್‌ವಾಟರ್" ಕೂಡಿಸಿ ಬರೆದದ್ದು, ಏಕವಚನ, ಬಹುವಚನ, ಎಲ್ಲವನ್ನೂ ಕೂತು ಒಂದು ಮಾಡಬೇಕು. ಇದಕ್ಕೆ ಎರಡು ಮೂರು ದಿನ ಹಿಡಿಯುತ್ತದೆ. ಅಡ್ಡದಾರಿ ಇಲ್ಲ.

ಜರ್ನಲ್ ಕಡೆಗೂ ಇದೇ ಕೆಲಸ. ಒಂದೇ ಜರ್ನಲ್ ಪೂರ್ತಿ ಹೆಸರಲ್ಲಿ ಒಮ್ಮೆ, ಚುಟುಕು ಹೆಸರಲ್ಲಿ ಒಮ್ಮೆ, "ಅಂಡ್" ಬದಲು ಅದರ ಚಿಹ್ನೆ ಹಾಕಿ ಇನ್ನೊಮ್ಮೆ ಬಂದಿರುತ್ತದೆ. ಹೆಸರು ನಂಬಬೇಡಿ, ಜರ್ನಲ್‌ನ ಗುರುತಿನ ಸಂಖ್ಯೆಯಾದ ಎಂಟು ಅಂಕಿಯ ಐಎಸ್‌ಎಸ್‌ಎನ್ ನಂಬಿ. ಅದರಲ್ಲೂ ಮುದ್ರಿತ ಆವೃತ್ತಿಗೆ ಒಂದು, ಆನ್‌ಲೈನ್ ಆವೃತ್ತಿಗೆ ಒಂದು ಇರುವುದರಿಂದ ಎರಡನ್ನೂ ಜೋಡಿಸುವ ಐಎಸ್‌ಎಸ್‌ಎನ್-ಎಲ್ ಬಳಸಿ. ನಿಮ್ಮ 310 ಈ ಒಂದು ಹೆಜ್ಜೆಯಲ್ಲೇ ಸಾಕಷ್ಟು ಕರಗಬಹುದು.

ಈಗ ಚಿತ್ರಕ್ಕೆ ಬರೋಣ. ನನ್ನ ಸಲಹೆ ನೀರಸವಾಗಿ ಕಾಣಬಹುದು. ಚುಕ್ಕಿ, ಗೆರೆಗಳನ್ನು ಕೈಬಿಡಿ, ಕೋಷ್ಟಕ ಮಾಡಿ. ಎಡಗಡೆ ವಿಷಯಗಳ ಸಾಲು, ಮೇಲುಗಡೆ ಜರ್ನಲ್‌ಗಳ ಕಾಲಂ, ನಡುವಿನ ಒಂದೊಂದು ಮನೆಗೂ ನೀವು ಆರಿಸಿದ ಲೆಕ್ಕಕ್ಕೆ (ಪಾಲು ಅಥವಾ ಅನುಪಾತ) ತಕ್ಕ ಬಣ್ಣ. ಒಂದೇ ಬಣ್ಣ ಸಾಕು, ಬಿಳಿಯಿಂದ ಕಡುನೀಲಿಗೆ. ಕೆಂಪು ಹಸಿರು ಬೇಡ, ಆ ಎರಡನ್ನು ಬೇರೆ ಮಾಡಿ ನೋಡಲಾಗದವರು ಓದುಗರಲ್ಲಿ ಇದ್ದೇ ಇರುತ್ತಾರೆ. 30 ವಿಷಯ, 30 ಜರ್ನಲ್ ಇದ್ದರೂ 900 ಮನೆಗಳು ಒಂದು ಪುಟದಲ್ಲಿ ಕೂರುತ್ತವೆ. ಒಂದರ ಮೇಲೊಂದು ಹಾಯುವ ಮಾತೇ ಇಲ್ಲ. ಲೈಬ್ರರಿಯನ್ ಕೇಳಿದ ಪ್ರಶ್ನೆಗೆ ಬೆರಳಿಟ್ಟು ಉತ್ತರ ತೋರಿಸಬಹುದು.

ಇದರ ಜೀವ ಇರುವುದು ಸಾಲುಗಳ ಕ್ರಮದಲ್ಲಿ. ಅಕ್ಷರಮಾಲೆ ಪ್ರಕಾರ ಜೋಡಿಸಿದರೆ ಕೋಷ್ಟಕ ಎಳ್ಳು ಚೆಲ್ಲಿದ ಹಾಗೆ ಕಾಣುತ್ತದೆ, ಏನೂ ತಿಳಿಯುವುದಿಲ್ಲ. ಫ್ರಾನ್ಸಿನ ಝಾಕ್ ಬರ್ಟಿನ್ 1967ರಲ್ಲಿ ಚಿತ್ರಗಳ ವ್ಯಾಕರಣದ ಮೇಲೆ ದೊಡ್ಡ ಪುಸ್ತಕ ಬರೆದವರು. ಸಾಲು, ಕಾಲಂಗಳನ್ನು ಹಿಂದೆ ಮುಂದೆ ಸರಿಸುತ್ತಾ ಹೋದರೆ ಅರ್ಥ ತಾನಾಗಿ ಮೇಲೆ ಬರುತ್ತದೆ ಎನ್ನುವುದು ಅವರ ಪಾಠ. ಅದಕ್ಕೆಂದೇ ಕೈಯಲ್ಲಿ ಸರಿಸಬಹುದಾದ ತುಂಡುಗಳ ಸಾಧನವನ್ನೂ ಅವರ ಪ್ರಯೋಗಾಲಯ ಬಳಸುತ್ತಿತ್ತು. ನಿಮಗೆ ಸ್ಪ್ರೆಡ್‌ಶೀಟ್ ಸಾಕು. ಕಾಲಂಗಳಿಗೆ 1, 2, 3 ಎಂದು ಸ್ಥಾನ ಕೊಡಿ. ಒಂದೊಂದು ವಿಷಯಕ್ಕೂ ಅದರ ಪೇಪರ್‌ಗಳು ಬಿದ್ದಿರುವ ಸ್ಥಾನಗಳ ಸರಾಸರಿ ತೆಗೆಯಿರಿ, ಆ ಸರಾಸರಿ ಪ್ರಕಾರ ಸಾಲುಗಳನ್ನು ಜೋಡಿಸಿ. ಆಮೇಲೆ ಇದನ್ನೇ ತಿರುಗಿಸಿ ಕಾಲಂಗಳಿಗೆ ಮಾಡಿ. ಮತ್ತೆ ಸಾಲುಗಳಿಗೆ. ಏಳೆಂಟು ಸುತ್ತಿನೊಳಗೆ ಕಡು ಮನೆಗಳು ಮೂಲೆಯಿಂದ ಮೂಲೆಗೆ ಒಂದು ಪಟ್ಟಿಯಾಗಿ ಕೂಡಿಕೊಳ್ಳುತ್ತಾ ಬರುವುದು ಕಾಣಿಸುತ್ತದೆ. ರಸಾಯನಶಾಸ್ತ್ರದ ಜರ್ನಲ್‌ಗಳು ಒಂದು ಕಡೆ, ಎಂಜಿನಿಯರಿಂಗ್‌ನವು ಒಂದು ಕಡೆ, ಆರೋಗ್ಯದವು ಇನ್ನೊಂದು ಕಡೆ ತಾವೇ ಗುಂಪು ಕಟ್ಟುತ್ತವೆ. ಮೊದಲ ಸಲ ಇದನ್ನು ನೋಡುವಾಗ ನಿಜಕ್ಕೂ ಮಜಾ ಬರುತ್ತದೆ.

ಪಟ್ಟಿಗೆ ಸೇರದೆ ಉದ್ದಕ್ಕೂ ತೆಳುಬಣ್ಣ ಬಳಿದುಕೊಂಡ ಒಂದೆರಡು ಕಾಲಂಗಳೂ ಇರುತ್ತವೆ. 2006ರಲ್ಲಿ ಶುರುವಾದ ಪ್ಲಾಸ್ ಒನ್, 2011ರಲ್ಲಿ ಬಂದ ಸೈಂಟಿಫಿಕ್ ರಿಪೋರ್ಟ್ಸ್ ಥರದ ಎಲ್ಲ ವಿಷಯಕ್ಕೂ ಬಾಗಿಲು ತೆರೆದ ಜರ್ನಲ್‌ಗಳು ಅವು. ನಿಮ್ಮ ನೂಲಿನುಂಡೆಯಲ್ಲಿ ಇವೇ ನಡುವೆ ಕೂತು ಎಲ್ಲರನ್ನೂ ತಮ್ಮತ್ತ ಎಳೆದಿರಬೇಕು. ಅದನ್ನು ನೋಡಿ "ಕ್ಷೇತ್ರದ ಕೇಂದ್ರದಲ್ಲಿರುವ ಜರ್ನಲ್" ಎಂದು ಥೀಸಿಸ್‌ನಲ್ಲಿ ಬರೆದುಬಿಟ್ಟೀರಿ, ಜೋಕೆ. ಎಲ್ಲರಿಗೂ ನೆಂಟನಾದವನು ಯಾರಿಗೂ ಹತ್ತಿರದವನಲ್ಲ.

ಇನ್ನು ಗೈಡ್‌ಗೆ ಗೆರೆಗಳೇ ಬೇಕು ಎಂದಾದರೆ ಸ್ಯಾಂಕಿ ಚಿತ್ರ ಮಾಡಿ. ಎಡಗಡೆ ವಿಷಯ, ಬಲಗಡೆ ಜರ್ನಲ್, ನಡುವೆ ಸಂಖ್ಯೆಗೆ ತಕ್ಕ ಅಗಲದ ಪಟ್ಟಿಗಳು. 1898ರಲ್ಲಿ ಸ್ಯಾಂಕಿ ಎಂಬ ಐರಿಷ್ ಎಂಜಿನಿಯರ್ ಹಬೆ ಯಂತ್ರದಲ್ಲಿ ಶಾಖ ಎಲ್ಲೆಲ್ಲಿ ಸೋರುತ್ತದೆ ಎಂದು ತೋರಿಸಲು ಬಳಸಿದ್ದರಿಂದ ಆ ಹೆಸರು. ಎರಡೂ ಕಡೆ ಎಂಟು ಹತ್ತು ಹೆಸರು ಇರುವ ತನಕ ಚೆನ್ನಾಗಿರುತ್ತದೆ, ಅದು ಮೀರಿದರೆ ಮತ್ತೆ ಜಡೆ ಸಿಕ್ಕಾಗುತ್ತದೆ. ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬಿಬ್ಲಿಯೋಮೆಟ್ರಿಕ್ಸ್ ಎಂಬ ಪ್ಯಾಕೇಜ್ ಇದನ್ನು ಒಂದೆರಡು ಕ್ಲಿಕ್‌ನಲ್ಲಿ ಮಾಡಿಕೊಡುತ್ತದೆ, ಬೇಕಾದರೆ ನಡುವೆ ಲೇಖಕರ ಕಂಬವನ್ನೂ ಸೇರಿಸಬಹುದು. ಲೈಡನ್ ವಿಶ್ವವಿದ್ಯಾಲಯದ ವಿಒಎಸ್‌ವ್ಯೂವರ್ ಎಂಬ ಸಾಫ್ಟ್‌ವೇರ್ ಕೂಡ ಒಳ್ಳೆಯದೇ, ಪುಕ್ಕಟೆ. ಆದರೆ ಅದು ಹೆಚ್ಚಾಗಿ ಒಂದೇ ಜಾತಿಯ ಚುಕ್ಕಿಗಳಿಗೆ: ಕೀವರ್ಡ್‌ಗೂ ಕೀವರ್ಡ್‌ಗೂ, ಜರ್ನಲ್‌ಗೂ ಜರ್ನಲ್‌ಗೂ ನಡುವಿನ ನಂಟು. ನಿಮ್ಮದು ಎರಡು ಜಾತಿಯ ಚುಕ್ಕಿಗಳ ಮದುವೆ.

ಗೆಫಿಯ ಚಿತ್ರ ಇಟ್ಟುಕೊಳ್ಳಲೇಬೇಕು ಅನ್ನಿಸಿದರೆ ಒಂದು ಪರೀಕ್ಷೆ ಮಾಡಿ. ಚುಕ್ಕಿಗಳನ್ನು ಎಲ್ಲೆಲ್ಲೋ ಚೆದುರಿಸಿ, ಅದೇ ಡೇಟಾವನ್ನು ಮೂರು ಸಲ ಮೊದಲಿಂದ ಜೋಡಿಸಲು ಹೇಳಿ. ಮೂರು ಸಲವೂ ಚಿತ್ರ ತಿರುಗಿಕೊಂಡಿರುತ್ತದೆ, ಕೆಲವು ಚುಕ್ಕಿಗಳ ಅಕ್ಕಪಕ್ಕದವರೂ ಬದಲಾಗಿರುತ್ತಾರೆ. ಮೂರರಲ್ಲೂ ಜೊತೆಗೇ ಉಳಿದವರನ್ನು ಮಾತ್ರ ನೆರೆಹೊರೆಯವರು ಎಂದು ನಂಬಿ.

ಖಾಲಿ ಮನೆಗಳ ಬಗ್ಗೆ ಒಂದು ಮಾತು. ಬಿಳಿ ಮನೆ ಎಂದರೆ "ಆ ಜರ್ನಲ್‌ನಲ್ಲಿ ಆ ವಿಷಯ ಬಂದಿಲ್ಲ" ಅಂತಲ್ಲ. "ನಾನು ಹುಡುಕಿದ ಕಡೆ ಸಿಕ್ಕಿಲ್ಲ" ಅಂತ. ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯ ಜರ್ನಲ್‌ಗಳು ದೊಡ್ಡ ಡೇಟಾಬೇಸ್‌ಗಳಲ್ಲಿ ಕಡಿಮೆ. ಕ್ರಾಸ್‌ರೆಫ್‌ನಲ್ಲಿ ಇರುವುದು ಅಲ್ಲಿ ಡಿಒಐ (ಲೇಖನದ ಡಿಜಿಟಲ್ ಗುರುತು) ನೋಂದಾಯಿಸಿದ ಪ್ರಕಾಶಕರ ಲೇಖನಗಳು ಮಾತ್ರ. ಯಾವ ಡೇಟಾಬೇಸ್, ಯಾವ ದಿನ, ಯಾವ ಪದ ಹಾಕಿ ಹುಡುಕಿದಿರಿ ಎಂದು ಒಂದು ಸಾಲು ಬರೆದಿಡಿ. ವೈವಾದಲ್ಲಿ ಈ ಪ್ರಶ್ನೆ ಖಂಡಿತ ಬರುತ್ತದೆ.

ಕಡು ಮನೆಗಳನ್ನೂ ಕಣ್ಣುಮುಚ್ಚಿ ನಂಬಬೇಡಿ. ಮುಖ್ಯವಾದ ಐದಾರು ಮನೆಗಳನ್ನು ಆರಿಸಿ, ಅವುಗಳ ಹಿಂದಿರುವ ಪೇಪರ್‌ಗಳ ಪಟ್ಟಿ ತೆರೆದು, ವರ್ಷ ನೋಡಿ. ಒಮ್ಮೆ ನನ್ನ ಕೋಷ್ಟಕದಲ್ಲಿ ಒಂದು ಮನೆ ಎಲ್ಲಕ್ಕಿಂತ ಕಪ್ಪಗೆ ಕಂಡಿತು. ಆ ಜರ್ನಲ್‌ಗೆ ಆ ವಿಷಯದ ಮೇಲೆ ಎಂಥ ಪ್ರೀತಿ ಎಂದು ಒಂದು ಪ್ಯಾರಾ ಬರೆದೂ ಬಿಟ್ಟಿದ್ದೆ. ತೆರೆದು ನೋಡಿದರೆ 22 ಪೇಪರ್‌ಗಳಲ್ಲಿ 19 ಒಂದೇ ವರ್ಷದ ಒಂದೇ ವಿಶೇಷ ಸಂಚಿಕೆಯವು. ಅತಿಥಿ ಸಂಪಾದಕರು ಬಂದು ಹೋಗಿದ್ದರು. ಅದಾದ ಮೇಲೆ ನಾಲ್ಕು ವರ್ಷ ಆ ಜರ್ನಲ್ ಆ ವಿಷಯವನ್ನು ಮುಟ್ಟೇ ಇರಲಿಲ್ಲ.